ಚೌಕ ಸೂರ್ಯನ ಲೋಕದಲ್ಲಿ ಒಂದು ಭಾನುವಾರ

ಭಾನುವಾರ ಊಟವಾದ ಮೇಲೆ ಒಂದು ನಿದ್ದೆ ತೆಗೆಯುವುದು ಆ ಮನೆಯ ಯಜಮಾನರ ಇಪ್ಪತ್ತು ವರ್ಷಗಳ ಪದ್ಧತಿ. ಅಂದು ಮಾತ್ರ ಅವರು ಮಲಗಲಿಲ್ಲ. ಟಿ.ವಿ. ಮುಂದೆ ಚಾಪೆಯ ಮೇಲಿದ್ದ ಮಗನ ಪಕ್ಕದಲ್ಲಿ ಕುಳಿತು, 'ಎಲ್ಲಿ, ಅದನ್ನು ಇತ್ತ ಕೊಡು' ಎಂದು ಕೈ ಚಾಚಿದರು. ಒಂಬತ್ತನೇ ತರಗತಿಯ ಹುಡುಗ ಹೆದರಿದ. ಹೆದರಲು ಕಾರಣವಿತ್ತು. ಹಳೆಯದಾಗಿ ಕೊಂಡಿದ್ದ ಆ ಪ್ಲೇಸ್ಟೇಷನ್ ಯಂತ್ರವನ್ನು ಮಾರಿಬಿಡುವ ಮಾತು ಮನೆಯಲ್ಲಿ ಮೂರು ವಾರಗಳಿಂದ ನಡೆದಿತ್ತು. ಗಣಿತದ ಅಂಕ ಇಳಿದಿತ್ತು. ಊಟಕ್ಕೆ ನಾಲ್ಕು ಸಲ ಕೂಗಿದರೆ ಒಂದು 'ಬಂದೆ' ಕೇಳಿಸುತ್ತಿತ್ತು, ಹುಡುಗ ಬರುತ್ತಿರಲಿಲ್ಲ. ತಟ್ಟೆಯ ಮುಂದೆ ಕುಳಿತರೂ ಮಾತಿಲ್ಲ.

ತಂದೆ ಕಂಟ್ರೋಲರನ್ನು ಕಸಿದುಕೊಳ್ಳಲಿಲ್ಲ, ಆಡಲು ಕುಳಿತರು. ಬ್ಯಾಂಕಿನಲ್ಲಿ ಚಿನ್ನದ ಸಾಲದ ಕೆಲಸ ನೋಡಿಕೊಳ್ಳುವ ಮನುಷ್ಯ. ಒರೆಗೆ ಹಚ್ಚದೆ, ತೂಗದೆ ಒಡವೆಯ ಬೆಲೆ ಹೇಳುವವರಲ್ಲ. ಮಾರುವ ಮೊದಲು ಇದನ್ನೂ ಒಮ್ಮೆ ತೂಗಿ ನೋಡೋಣ ಎನ್ನಿಸಿರಬೇಕು.

ಯಂತ್ರದ ಜೊತೆಗೇ ಬಂದಿದ್ದ ಡಿಸ್ಕು 'ಗ್ರ್ಯಾಂಡ್ ಥೆಫ್ಟ್ ಆಟೋ 5'. ಹುಡುಗರ ಬಾಯಲ್ಲಿ ಜಿಟಿಎ. ಎಡ ಹೆಬ್ಬೆರಳಿನಿಂದ ಮನುಷ್ಯನನ್ನು ನಡೆಸಬೇಕು, ಬಲ ಹೆಬ್ಬೆರಳಿನಿಂದ ನೋಟವನ್ನು ತಿರುಗಿಸಬೇಕು. ಮಗನಿಗೆ ಇದು ಸೈಕಲ್ ತುಳಿದಷ್ಟು ಸಲೀಸು. ತಂದೆಯ ಕೈಯಲ್ಲಿ ಕಥಾನಾಯಕ ಐದು ನಿಮಿಷ ಗೋಡೆಗೆ ಮುಖ ಒತ್ತಿಕೊಂಡು ಓಡಿದ. ಕೊನೆಗೆ ಹೇಗೋ ಒಂದು ಕಾರು ಸಿಕ್ಕಿತು. ಅಗಲವಾದ ರಸ್ತೆ, ದೂರದಲ್ಲಿ ಸಮುದ್ರ, ಎರಡೂ ಬದಿಗೆ ತಾಳೆಯ ಜಾತಿಯ ಮರಗಳು. ನಾಲ್ಕು ರಸ್ತೆ ಕೂಡುವಲ್ಲಿ ಕೆಂಪು ದೀಪ ಹತ್ತಿತು. ತಂದೆ ಕಾರು ನಿಲ್ಲಿಸಿದರು.

'ಅಪ್ಪಾ, ಯಾಕೆ ನಿಲ್ಲಿಸಿದ್ರಿ?'

'ಕೆಂಪು ದೀಪ ಕಾಣಲ್ವೇನೋ?'

ಮಗ ಬಿದ್ದು ಬಿದ್ದು ನಕ್ಕ. ಅಡುಗೆಮನೆಯಿಂದ ತಾಯಿ ಇಣುಕಿ ನೋಡಿದರು. ಆ ನಗರದಲ್ಲಿ ಮಿಕ್ಕ ಕಾರುಗಳೆಲ್ಲ ದೀಪಕ್ಕೆ ನಿಲ್ಲುತ್ತವೆ, ಆಡುವವನು ಮಾತ್ರ ನಿಲ್ಲಬೇಕಾಗಿಲ್ಲ. ನಿಲ್ಲದಿದ್ದರೆ ಕೇಳುವ ಪೊಲೀಸನೂ ಇಲ್ಲ. ಈ ಬಗೆಯ ಆಟಗಳ ಆಕರ್ಷಣೆ ಏನೆಂಬುದು ಆ ಒಂದು ಕೆಂಪು ದೀಪದಲ್ಲೇ ಇದೆ.

ಬೇಲಿಯಿಲ್ಲದ ಬಯಲು

ಹಳೆಯ ವಿಡಿಯೊ ಗೇಮುಗಳಲ್ಲಿ ದಾರಿ ಒಂದೇ. ಎಡದಿಂದ ಬಲಕ್ಕೆ ಓಡು, ಹಳ್ಳ ಹಾರು, ಮುಂದಿನ ಹಂತಕ್ಕೆ ಹೋಗು. ದಾರಿ ಬಿಟ್ಟು ಪಕ್ಕಕ್ಕೆ ಇಳಿಯಲು ಪಕ್ಕ ಎಂಬುದೇ ಇರುತ್ತಿರಲಿಲ್ಲ. 'ಓಪನ್ ವರ್ಲ್ಡ್', ಅಂದರೆ ಬಯಲು ಲೋಕದ ಆಟಗಳಲ್ಲಿ ಕಾಣುವ ಬೆಟ್ಟಕ್ಕೆಲ್ಲ ಹೋಗಬಹುದು. ಕೊಟ್ಟ ಕೆಲಸ ಬಿಟ್ಟು ಇಡೀ ದಿನ ಸಮುದ್ರದ ದಂಡೆಯಲ್ಲಿ ಅಡ್ಡಾಡಿದರೂ ಆಟ ಬೇಸರಿಸುವುದಿಲ್ಲ. ಶಾಲೆ, ಟ್ಯೂಷನ್, ಹೋಂವರ್ಕ್ ಎಂದು ಗಂಟೆ ಗಂಟೆಗೆ ಕಟ್ಟಿಹಾಕಿಸಿಕೊಂಡ ಹುಡುಗನಿಗೆ ಇದಕ್ಕಿಂತ ದೊಡ್ಡ ಆಮಿಷ ಬೇಕೆ?

ಜಿಟಿಎ ಸರಣಿ 1997ರಲ್ಲಿ ಹುಟ್ಟಿದ್ದು ಸ್ಕಾಟ್ಲೆಂಡಿನಲ್ಲಿ. ಆಗ ನಗರವನ್ನು ಹದ್ದಿನಂತೆ ಮೇಲಿನಿಂದ ನೋಡಬೇಕಿತ್ತು. ಬೀದಿಗಿಳಿದು ನಡೆದ ಅನುಭವ ಕೊಟ್ಟದ್ದು 2001ರ ಮೂರನೆಯ ಆಟ. ಮರುವರ್ಷ ಬಂದ 'ವೈಸ್ ಸಿಟಿ' ನಮ್ಮ ಊರುಗಳ ಸೈಬರ್ ಕೆಫೆಗಳವರೆಗೂ ಬಂತು. ಈಗ ನಲವತ್ತರ ಹತ್ತಿರವಿರುವ ಎಷ್ಟೋ ಮಂದಿ ಗಂಟೆಗಿಷ್ಟು ಎಂದು ಕಾಸು ಕೊಟ್ಟು ಅದನ್ನು ಆಡಿದವರೇ. ಇಂದು ಮಕ್ಕಳನ್ನು ಗದರಿಸುವಾಗ ಅದನ್ನು ಹೇಳಿಕೊಳ್ಳುವುದಿಲ್ಲ, ಅಷ್ಟೆ. ಐದನೆಯದು ಬಂದದ್ದು 2013ರಲ್ಲಿ. ಅದರ 20 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ. ಅಮೆರಿಕದ ಲಾಸ್ ಏಂಜಲೀಸ್ ನಗರವನ್ನು ನೋಡಿ ಕಟ್ಟಿದ ಅದರ ಊರಿನ ಹೆಸರು ಲಾಸ್ ಸ್ಯಾಂಟೋಸ್.

ಈ ಊರಿನ ಕಾಲಮಾನ ಪಂಚಾಂಗ ಬಲ್ಲವರಿಗೆ ತಮಾಷೆಯಾಗಿ ಕಂಡೀತು. ವೈಸ್ ಸಿಟಿಯಲ್ಲಿ ಹಗಲು ಇರುಳು ಸೇರಿದ ಒಂದು ದಿನ ಎಂದರೆ ನಮ್ಮ 24 ನಿಮಿಷ, ಸರಿಯಾಗಿ ಒಂದು ಗಳಿಗೆ. ಐದನೆಯ ಆಟದಲ್ಲಿ 48 ನಿಮಿಷ, ಅಂದರೆ ಒಂದು ಮುಹೂರ್ತ. ಹುಡುಗ ಎರಡು ಸೂರ್ಯೋದಯ ಕಂಡು 'ಈಗ ತಾನೇ ಕೂತೆ' ಎನ್ನುವಷ್ಟರಲ್ಲಿ ಗೋಡೆಯ ಗಡಿಯಾರದಲ್ಲಿ ಒಂದೂವರೆ ಗಂಟೆ ಸರಿದಿರುತ್ತದೆ. ಅವನು ಸುಳ್ಳು ಹೇಳುತ್ತಿರುವುದಿಲ್ಲ. ಅವನ ಮುಂದಿದ್ದ ಸೂರ್ಯ ಬೇರೆ.

ತಂದೆಯ ಎರಡನೇ ಸವಾರಿ ಅಷ್ಟು ಸುಖವಾಗಿರಲಿಲ್ಲ. ತಿರುವಿನಲ್ಲಿ ಬೆರಳು ತಪ್ಪಿ ಕಾರು ಕಾಲುದಾರಿಗೆ ಹತ್ತಿತು, ಒಬ್ಬ ದಾರಿಹೋಕ ಕೆಳಗೆ ಬಿದ್ದ. ತಂದೆ 'ಅಯ್ಯೋ' ಎಂದು ಗಾಬರಿಯಿಂದ ಕಂಟ್ರೋಲರನ್ನೇ ಕೆಳಗಿಟ್ಟರು. 'ಏನೂ ಆಗಲ್ಲ ಅಪ್ಪಾ, ಹೋಗ್ತಾ ಇರಿ' ಎಂದ ಮಗ. ಎರಡು ಬೀದಿ ದಾಟಿದ ಮೇಲೆ ಅವರಿಗೆ ಮನಸ್ಸು ತಡೆಯಲಿಲ್ಲ. ಕಾರು ತಿರುಗಿಸಿ ಹಿಂದಕ್ಕೆ ಬಂದರು. ಬಿದ್ದವನು ಇರಲಿಲ್ಲ. ರಕ್ತದ ಕಲೆಯಿಲ್ಲ, ಕೂಡಿದ ಜನವಿಲ್ಲ. ಬೇರೆ ಯಾರೋ ಫೋನಿನಲ್ಲಿ ಮಾತಾಡುತ್ತ ಅದೇ ಜಾಗದಲ್ಲಿ ನಡೆದು ಹೋಗುತ್ತಿದ್ದರು.

ಇದರ ಹಿಂದಿರುವುದು ಕ್ರೌರ್ಯವಲ್ಲ, ಕಾರ್ಪಣ್ಯ. ಇಡೀ ನಗರದ ಜನರನ್ನೆಲ್ಲ ಏಕಕಾಲಕ್ಕೆ ನಡೆಸುವಷ್ಟು ಶಕ್ತಿ ಯಂತ್ರಕ್ಕಿಲ್ಲ. ಆದ್ದರಿಂದ ಆಡುವವನ ಸುತ್ತಲಿನ ಕೆಲವು ಬೀದಿಗಳಲ್ಲಿ ಮಾತ್ರ ಜನರನ್ನೂ ಕಾರುಗಳನ್ನೂ ಸೃಷ್ಟಿಸುತ್ತದೆ. ಅವನು ಮುಂದೆ ಹೋದಂತೆ ಹಿಂದಿನವರನ್ನು ಅಳಿಸಿ ಆ ಜಾಗವನ್ನು ಮುಂದಿನವರಿಗೆ ಕೊಡುತ್ತದೆ. ನಾಟಕದ ಕಂಪನಿಯಲ್ಲಿ ಒಬ್ಬನೇ ಬೇಗ ಬೇಗ ವೇಷ ಬದಲಿಸಿ ದೂತನಾಗಿ, ದ್ವಾರಪಾಲಕನಾಗಿ ಬರುತ್ತಿದ್ದನಲ್ಲ, ಅದೇ ಉಪಾಯ. ನಾಯಕ ಸತ್ತರೂ ಹಾಗೆಯೇ: ಕೊಂಚ ಹಣ ಕಳೆದು ಆಸ್ಪತ್ರೆಯ ಬಾಗಿಲಲ್ಲಿ ಎದ್ದು ನಿಲ್ಲುತ್ತಾನೆ. ಪೊಲೀಸರು ಬೆನ್ನಟ್ಟಿದರೆ ಸ್ವಲ್ಪ ಹೊತ್ತು ಅಡಗಿದರಾಯಿತು, ಅಪರಾಧವನ್ನು ಮರೆತು ಹಿಂತಿರುಗುತ್ತಾರೆ. ನೆನಪಿಟ್ಟುಕೊಳ್ಳುವುದಕ್ಕೆ ಕಂಪ್ಯೂಟರಿನ ಮೆಮೊರಿ ಖರ್ಚಾಗುತ್ತದೆ, ಮರೆವು ಅಗ್ಗ.

ಇದನ್ನು ಮಗ ವಿವರಿಸಿದಾಗ ತಂದೆ ತಲೆದೂಗಿದರು. ಆದರೂ ಡಿಸ್ಕು ತೆಗೆದು, ಡಬ್ಬಿಯ ಮೇಲಿದ್ದ 18 ಎಂಬ ಅಂಕಿಯನ್ನು ತೋರಿಸಿ ಬೀರುವಿನ ಮೇಲಿಟ್ಟರು. ಯುರೋಪಿನ 'ಪೆಗಿ' ವ್ಯವಸ್ಥೆ ಈ ಆಟವನ್ನು 18 ತುಂಬಿದವರಿಗೆ ಎಂದು ಗುರುತಿಸಿದೆ. ಅಮೆರಿಕದ ವ್ಯವಸ್ಥೆಯಲ್ಲಿ ಅದು 17ಕ್ಕೆ ಮೇಲ್ಪಟ್ಟವರದು. ಹುಡುಗನಿಗೆ ಆಗ 14. ಕ್ರಿಕೆಟ್ ಬ್ಯಾಟಿನ ತೂಕ ನೋಡಿ ಕೊಡಿಸುವ ಪಾಲಕರು ಡಬ್ಬಿಯ ಮೇಲಿನ ಈ ಅಂಕಿಯನ್ನು ಏಕೆ ಓದುವುದಿಲ್ಲವೋ ತಿಳಿಯದು.

ಹಾಗೆಂದು ಇಂಥ ಆಟ ಆಡಿದವರೆಲ್ಲ ಕೈಯಲ್ಲಿ ಚೂರಿ ಹಿಡಿಯುತ್ತಾರೆಂದು ಹೆದರಬೇಕಾಗಿಲ್ಲ. ಅಮೆರಿಕದ ಮನೋವಿಜ್ಞಾನ ಸಂಘ 2020ರಲ್ಲಿ ಹೇಳಿದ್ದಿಷ್ಟು: ಹಿಂಸೆಯ ಆಟಗಳಿಗೂ ಕೂಗಾಟ, ತಳ್ಳಾಟದಂಥ ನಡವಳಿಕೆಗೂ ಸಣ್ಣ ಪ್ರಮಾಣದ ನಂಟು ಕಂಡಿದೆ, ಆದರೆ ನಿಜವಾದ ಹಿಂಸಾಕೃತ್ಯಗಳಿಗೆ ಅವೇ ಕಾರಣವೆನ್ನಲು ಸಾಕಷ್ಟು ಆಧಾರವಿಲ್ಲ. ಚಿಂತಿಸಬೇಕಾದ ಸಂಗತಿ ಬೇರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ, 2022ರಲ್ಲಿ ಜಾರಿಗೆ ಬಂದ ರೋಗಗಳ ಪಟ್ಟಿಯಲ್ಲಿ ಆಟದ ಗೀಳಿಗೂ ಜಾಗವಿದೆ. ಆಟದ ಮೇಲೆ ಹಿಡಿತ ತಪ್ಪಿರಬೇಕು, ಮಿಕ್ಕೆಲ್ಲ ಕೆಲಸಗಳಿಗಿಂತ ಅದೇ ಮುಂದಾಗಿರಬೇಕು, ಕೆಡುಕು ಕಂಡರೂ ನಿಲ್ಲಿಸಲಾಗಬಾರದು. ಇದು ಸಾಮಾನ್ಯವಾಗಿ 12 ತಿಂಗಳಾದರೂ ಇರಬೇಕು. ಒಂದು ಪರೀಕ್ಷೆಯಲ್ಲಿ ಅಂಕ ಇಳಿದದ್ದು ಈ ಅಳತೆಗೆ ಬರುವುದಿಲ್ಲ. ಹಾಗಂತ ಅಲಕ್ಷಿಸುವಂಥದ್ದೂ ಅಲ್ಲ.

ಬೆನ್ನ ಮೇಲೆ 44 ಸಾವಿರ ಟನ್

ಮುಂದಿನ ಭಾನುವಾರ ಮಗನೇ ಕರೆದ. 'ಇದರಲ್ಲಿ ಯಾರನ್ನೂ ಗುದ್ದಲ್ಲ, ಬನ್ನಿ.' ಈ ಸಲದ ಆಟ 'ಮೈನ್‌ಕ್ರಾಫ್ಟ್'. ಸ್ವೀಡನ್ನಿನ ಮಾರ್ಕಸ್ ಪರ್ಸನ್ 2009ರಲ್ಲಿ ಜನರ ಮುಂದಿಟ್ಟದ್ದು. ಪೂರ್ಣರೂಪ 2011ರಲ್ಲಿ ಬಂತು. ಮೊದಲ ನೋಟಕ್ಕೆ ಚಿತ್ರಗಳು ಒರಟು. ಮಣ್ಣು, ಕಲ್ಲು, ಮರ ಎಲ್ಲವೂ ಒಂದೊಂದು ಮೀಟರಿನ ಘನಾಕೃತಿ. ಹಸು, ಕುರಿಗಳೂ ಪೆಟ್ಟಿಗೆಗಳನ್ನು ಜೋಡಿಸಿದಂತೆ. ಸೂರ್ಯನೂ ಚೌಕ! ಆದರೆ ಕಾಣುವ ಯಾವ ಕಲ್ಲನ್ನಾದರೂ ಅಗೆದು ತೆಗೆಯಬಹುದು, ತೆಗೆದದ್ದನ್ನು ಬೇಕಾದಲ್ಲಿ ಇಟ್ಟು ಮನೆಯನ್ನೋ ಸೇತುವೆಯನ್ನೋ ಕಟ್ಟಬಹುದು. ನಿನ್ನೆ ಅಗೆದ ಗುಂಡಿ ಇಂದೂ ಅಲ್ಲೇ ಇರುತ್ತದೆ. ಲಾಸ್ ಸ್ಯಾಂಟೋಸಿನ ಮರೆಗುಳಿ ಬೀದಿಯನ್ನು ಕಂಡಿದ್ದ ತಂದೆಗೆ ಇದು ಹಿಡಿಸಿತು.

ಹುಡುಗ ತನ್ನ ಗಣಿ ತೋರಿಸಿದ. ಚಿನ್ನದ ಘನಗಳನ್ನು ಚೀಲಕ್ಕೆ ಹಾಕಿಕೊಂಡ. ತಂದೆಯ ಕಣ್ಣು ಅರಳಿತು.

'ಒಂದೊಂದೂ ಒಂದು ಘನ ಮೀಟರಾ?'

'ಹೌದು.'

'ಚೀಲದಲ್ಲಿ ಎಷ್ಟು ಹಿಡಿಯತ್ತೆ?'

'36 ಖಾನೆ. ಒಂದರಲ್ಲಿ 64.'

'ಚಿನ್ನದ ಸಾಂದ್ರತೆ ಎಷ್ಟಪ್ಪ?'

ಹುಡುಗ ಒಳಗೆ ಹೋಗಿ ಪುಸ್ತಕ ತಂದ. ಒಂದು ಘನ ಮೀಟರ್ ಚಿನ್ನ 19.3 ಟನ್. 36ನ್ನು 64ರಿಂದ ಗುಣಿಸಿದರೆ 2,304 ಘನಗಳು. ಒಟ್ಟು ತೂಕ 44,467 ಟನ್! ನಮ್ಮ ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚುವ ತನಕ, ಮೂರು ಕಿಲೋಮೀಟರಿಗೂ ಆಳಕ್ಕಿಳಿದು, ಸುಮಾರು 120 ವರ್ಷ ದುಡಿದು ತೆಗೆದದ್ದು ಸುಮಾರು 800 ಟನ್. ಅದರ ಐವತ್ತೈದು ಪಟ್ಟನ್ನು ಬೆನ್ನ ಮೇಲೆ ಹೊತ್ತು ಆ ಪೆಟ್ಟಿಗೆ ಮನುಷ್ಯ ಕುಣಿದು ಕುಪ್ಪಳಿಸುತ್ತಿದ್ದ. ಮನುಷ್ಯಕುಲ ಇಂದಿನವರೆಗೆ ಅಗೆದ ಚಿನ್ನವೆಲ್ಲ ಸೇರಿದರೆ ಎರಡು ಲಕ್ಷ ಟನ್ನಿನ ಮೇಲೆ ಸ್ವಲ್ಪ. ಐದರಲ್ಲಿ ಒಂದು ಪಾಲು ಒಬ್ಬ ಹುಡುಗನ ಚೀಲದಲ್ಲಿ! ಆ ಮನೆಯಲ್ಲಿ ಬಹಳ ದಿನಗಳ ಮೇಲೆ ಇಬ್ಬರೂ ಕೂಡಿ ನಕ್ಕದ್ದು ಆಗ.

ಒಂದು ಸುಳ್ಳು ಸಿಕ್ಕಿದ ಮೇಲೆ ಮಿಕ್ಕವನ್ನು ಹುಡುಕುವುದೇ ಆಟವಾಯಿತು. ಮರದ ಬುಡ ಕಡಿದರೆ ರೆಂಬೆಗಳು ಗಾಳಿಯಲ್ಲಿ ನಿಂತೇ ಇರುತ್ತವೆ. ಮರಳು, ಜಲ್ಲಿಗಳಂಥ ಕೆಲವಕ್ಕೆ ಮಾತ್ರ ಗುರುತ್ವ ಅನ್ವಯಿಸುತ್ತದೆ. ನೆಲಕ್ಕೆ ಬಿದ್ದರೆ ಮೊದಲ 3 ಮೀಟರು ಮಾಫಿ, 23 ಮೀಟರಿಗೆ ಪೂರ್ಣ ಆರೋಗ್ಯದಲ್ಲಿರುವವನೂ ಸಾಯುತ್ತಾನೆ. ಆದರೆ ಕೆಳಗೆ ಒಂದೇ ಮೀಟರ್ ನೀರಿದ್ದರೂ ಸಾಕು, ಎಷ್ಟೇ ಎತ್ತರದಿಂದ ಹಾರಲಿ ಕೂದಲೂ ಕೊಂಕುವುದಿಲ್ಲ. ಇಲ್ಲಿ ಮಾತ್ರ ತಂದೆ ನಗಲಿಲ್ಲ. 23 ಮೀಟರ್ ಎಂದರೆ ಏಳು ಅಂತಸ್ತಿನ ಎತ್ತರ. ಅಲ್ಲಿಂದ ಬಿದ್ದ ದೇಹ ನೀರು ಮುಟ್ಟುವಾಗ ಅದರ ವೇಗ ಗಂಟೆಗೆ 76 ಕಿಲೋಮೀಟರ್. ಒಂದು ಮೀಟರ್ ನೀರು ಆ ವೇಗವನ್ನು ತಡೆಯಲಾರದು, ತಳದ ಕಲ್ಲು ತಡೆಯುತ್ತದೆ. ಬೇಸಿಗೆ ರಜೆಯಲ್ಲಿ ಕಲ್ಲುಕ್ವಾರಿಯ ಹೊಂಡಗಳಿಗೆ ಹಾರುವ ಹುಡುಗರು ಎಲ್ಲ ಊರುಗಳಲ್ಲೂ ಇದ್ದಾರೆ, ವಿಡಿಯೊ ಗೇಮು ಬರುವ ಮೊದಲೂ ಇದ್ದರು. ಆ ಲೆಕ್ಕವನ್ನು ತಂದೆ ಮಗನಿಂದಲೇ ಮಾಡಿಸಿದರು.

ಎಲ್ಲ ಆಟಗಳೂ ಇಷ್ಟು ಸಡಿಲವಲ್ಲ. ಜಪಾನಿನ ನಿಂಟೆಂಡೊ 2017ರಲ್ಲಿ ತಂದ 'ಜೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್' ಆಟದಲ್ಲಿ ಗುಡುಗು ಮಿಂಚು ಶುರುವಾದರೆ ಲೋಹದ ಕತ್ತಿ, ಗುರಾಣಿಗಳನ್ನು ಕೂಡಲೇ ತೆಗೆದಿಡಬೇಕು; ಇಲ್ಲದಿದ್ದರೆ ಸಿಡಿಲು ಹುಡುಕಿಕೊಂಡು ಬರುತ್ತದೆ. ಹುಲ್ಲಿಗೆ ಬೆಂಕಿ ಹಚ್ಚಿದರೆ ಬಿಸಿಗಾಳಿ ಮೇಲೇಳುತ್ತದೆ, ಬಟ್ಟೆಯ ರೆಕ್ಕೆ ಬಿಚ್ಚಿ ಅದರ ಮೇಲೆ ಏರಬಹುದು. ಮಳೆ ಬಂದರೆ ಬಂಡೆ ಜಾರುತ್ತದೆ. ಅಲ್ಲಿ ಪ್ರಕೃತಿಯ ನಿಯಮ ಬಲ್ಲವನೇ ಚತುರ.

ಒಂದು ಬೀಜ, ಏಳು ಭೂಮಿ

'ಇದು ಎಲ್ಲಿಯವರೆಗೆ ಇದೆ?' ಎಂದು ತಂದೆ ಕೇಳಿದ್ದು ಸಹಜವೇ. ಮೈನ್‌ಕ್ರಾಫ್ಟಿನ ಕಂಪ್ಯೂಟರ್ ಆವೃತ್ತಿಯಲ್ಲಿ ನಡುವಿನಿಂದ ನಾಲ್ಕೂ ದಿಕ್ಕಿಗೆ ಸುಮಾರು 3 ಕೋಟಿ ಮೀಟರ್ ಹೋಗಬಹುದು. ಅಂದರೆ 360 ಕೋಟಿ ಚದರ ಕಿಲೋಮೀಟರ್. ನೆಲ, ಸಮುದ್ರ ಎಲ್ಲ ಸೇರಿ ನಮ್ಮ ಭೂಮಿಯ ಮೇಲ್ಮೈ 51 ಕೋಟಿ. ಹಾಗಾದರೆ ಏಳು ಭೂಮಿಗಳನ್ನು ಯಾರು ಕೂತು ಚಿತ್ರಿಸಿದರು? ಯಾರೂ ಇಲ್ಲ. ಯಂತ್ರದಲ್ಲಿ ಇರುವುದು 'ಬೀಜ' ಎಂದು ಕರೆಯುವ ಒಂದು ಸಂಖ್ಯೆ, ಮತ್ತು ಅದನ್ನು ಬೆಳೆಸುವ ನಿಯಮ.

ಈ ಉಪಾಯ ಹಳೆಯದು. ಕೇಂಬ್ರಿಜ್‌ನಲ್ಲಿ ಓದುತ್ತಿದ್ದ ಡೇವಿಡ್ ಬ್ರೇಬನ್ ಮತ್ತು ಇಯಾನ್ ಬೆಲ್ ಎಂಬ ಇಬ್ಬರು ಹುಡುಗರು 1984ರಲ್ಲಿ 'ಎಲೀಟ್' ಎಂಬ ಆಟ ಬರೆದರು. ಅವರ ಕಂಪ್ಯೂಟರಿನ ಮೆಮೊರಿ ಕೇವಲ 32 ಕಿಲೋಬೈಟ್. ಇಂದು ಫೋನಿನಲ್ಲಿ ತೆಗೆದ ಒಂದು ಫೋಟೋಕ್ಕೂ ಸಾಲದು. ಅಷ್ಟರಲ್ಲಿ ಅವರು 8 ನಕ್ಷತ್ರಲೋಕ, ಒಂದೊಂದರಲ್ಲಿ 256 ಗ್ರಹ ತುಂಬಿಸಿದರು. ಮೂರು ಸಂಖ್ಯೆ ತೆಗೆದುಕೊಳ್ಳಿ: 1, 4, 7. ಮೂರನ್ನೂ ಕೂಡಿ ಕೊನೆಯ ಅಂಕಿ ಮಾತ್ರ ಉಳಿಸಿಕೊಳ್ಳಿ: 2. ಈಗ 4, 7, 2 ಕೂಡಿದರೆ 3. ಹೀಗೇ ಮುಂದುವರಿದರೆ 1, 4, 7, 2, 3, 2, 7, 2, 1 ಎಂದು ಸಾಲು ಬೆಳೆಯುತ್ತದೆ. ನೋಡಲು ಅಂಕೆಯಿಲ್ಲದ ಅಂಕಿಗಳು. ಆದರೆ ಯಾರು, ಯಾವಾಗ ಮಾಡಿದರೂ ಅದೇ ಸಾಲು ಬರುತ್ತದೆ, ಬರೆದಿಡಬೇಕಾದ್ದೇ ಇಲ್ಲ. ಇಂಥ ಸಾಲಿನಿಂದ ಗ್ರಹದ ಹೆಸರು, ಜನ, ವ್ಯಾಪಾರ ಎಲ್ಲವನ್ನೂ ಆ ಹುಡುಗರು ಹುಟ್ಟಿಸಿದರು. ಹಾದಿ ಬದಲಾಗಿ ಬೆಳೆದಿದೆ, ಮೂಲ ತತ್ವ ಇಂದಿಗೂ ಅದೇ. ಒಂದೇ ಆವೃತ್ತಿಯಲ್ಲಿ ಒಂದೇ ಬೀಜ ಕೊಟ್ಟರೆ ದಾವಣಗೆರೆಯ ಹುಡುಗಿಗೂ ಡೆನ್ಮಾರ್ಕಿನ ಹುಡುಗನಿಗೂ ಅದೇ ಬೆಟ್ಟ ಅದೇ ಜಾಗದಲ್ಲಿ ಕಾಣುತ್ತದೆ. ಗಣಿತ ಬೇಡವೆನ್ನುತ್ತಿದ್ದ ಮಗ ಆ ರಾತ್ರಿ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಮೂರು ಮೂರು ಅಂಕಿ ಕೂಡುತ್ತ ಕೂತಿದ್ದನ್ನು ತಾಯಿ ಕಂಡರು. ಮೊದಲಿನ 1, 4, 7 ಮತ್ತೆ ಯಾವಾಗ ಬರುತ್ತದೆ ಎಂಬುದು ಅವನ ಹುಡುಕಾಟ.

ಎಲ್ಲಕ್ಕಿಂತ ದೊಡ್ಡ ತಪ್ಪು ಹಿಡಿದವನು ಮಗನೇ. ಆ ಲೋಕದ ಒಂದು ದಿನ 20 ನಿಮಿಷ. ಸೂರ್ಯ ಪಶ್ಚಿಮಕ್ಕೆ ಇಳಿದಂತೆ ಚಂದ್ರ ಪೂರ್ವದಲ್ಲಿ ಏಳುತ್ತಾನೆ, ಪ್ರತಿದಿನ. ದಿನಕ್ಕೊಂದರಂತೆ 8 ಕಲೆಗಳನ್ನೂ ತೋರಿಸುತ್ತಾನೆ. ಸೂರ್ಯನ ಎದುರಿಗೇ ಇರುವ ಚಂದ್ರ ಹೇಗೆ ಕ್ಷೀಣಿಸುತ್ತಾನೆ? ಎದುರಿದ್ದರೆ ಅವನ ಬೆಳಗಿದ ಮುಖವೆಲ್ಲ ನಮ್ಮ ಕಡೆಗೇ ಇರಬೇಕು, ನಿತ್ಯವೂ ಹುಣ್ಣಿಮೆಯೇ ಆಗಬೇಕು. ಎಳೆಯ ಚಂದ್ರ ಕಾಣುವುದು ಸೂರ್ಯನ ಸಮೀಪದಲ್ಲಿ. ಅದಕ್ಕೇ ಯುಗಾದಿಯ ಮಾರನೆಯ ಸಂಜೆ ಜನ ಪಶ್ಚಿಮಕ್ಕೆ ಮುಖ ಮಾಡಿ ಚಂದ್ರನನ್ನು ಹುಡುಕುವುದು. ಪುಸ್ತಕದ ಚಿತ್ರದಲ್ಲಿ ಹುಡುಗನಿಗೆ ಇದು ತಲೆಗೆ ಹತ್ತಿರಲಿಲ್ಲ. ಕೋಟ್ಯಂತರ ಜನ ಆಡುವ ಆಟ ತಪ್ಪು ಮಾಡಿದೆ ಎಂದಾಗ ಹತ್ತಿತು.

ಅಮಾವಾಸ್ಯೆ ಕಳೆದು ಬಿದಿಗೆಯ ಸಂಜೆ ಇಬ್ಬರೂ ತಾರಸಿಗೆ ಹೋದರು. ಪಕ್ಕದ ಮನೆಯ ನೀರಿನ ಟ್ಯಾಂಕಿನ ಮೇಲೆ, ಕೆಂಪು ಇನ್ನೂ ಆರದ ಪಶ್ಚಿಮದಲ್ಲಿ, ಉಗುರಿನಷ್ಟು ಚಂದ್ರ. ಸ್ವಲ್ಪ ಹೊತ್ತಿಗೆ ಅದೂ ಮುಳುಗಿತು. ಊಟಕ್ಕೆ ಕೂಗಿದ ತಾಯಿಗೆ ಮೇಲಿನಿಂದ 'ಬಂದೆ' ಎಂದು ಎರಡು ದನಿ ಕೇಳಿಸಿತು, ಇಬ್ಬರೂ ಬರಲಿಲ್ಲ.

ಯಂತ್ರ ಮಾರುವ ಮಾತು ಸದ್ಯಕ್ಕೆ ನಿಂತಿದೆ. ಶಾಲೆಯ ದಿನಗಳಲ್ಲಿ ಅದು ಬಟ್ಟೆಯಡಿ ಮುಚ್ಚಿರುತ್ತದೆ. ಭಾನುವಾರ ಎರಡು ಗಂಟೆ, ಗೋಡೆಯ ಗಡಿಯಾರದಲ್ಲಿ. ಈ ಕರಾರಿನ ಮೇಲೆ ಪ್ರತಿ ವಾರವೂ ಹತ್ತು ನಿಮಿಷದ ಜಗಳ ಇದ್ದೇ ಇದೆ. ಡಿಸ್ಕು ಮಾತ್ರ ಬೀರುವಿನ ಮೇಲೆಯೇ ಇದೆ. ಅದನ್ನು ಇಳಿಸಲು ಇನ್ನೆಷ್ಟು ದಿನ ಎಂಬ ಲೆಕ್ಕವನ್ನು ಮಗ ಮಾಡಿಟ್ಟಿದ್ದಾನೆ: ಮೂರು ವರ್ಷ ಏಳು ತಿಂಗಳು.