ಮನೆಯ ಭರಣಿ ಬರಿದಾಗದಿರಲಿ

ಸಮೃದ್ಧಿಯ ದಿನಗಳಲ್ಲಿ ಕೊರತೆಯ ದಿನಗಳಿಗಾಗಿ ಕೂಡಿಡುವ ವಿವೇಕ ಬಹು ಪುರಾತನವಾದುದು. ಜೋಸೆಫನು ಸುಭಿಕ್ಷದ ಏಳು ವರ್ಷಗಳಲ್ಲಿ ಈಜಿಪ್ಟಿನ ಕಣಜಗಳನ್ನು ತುಂಬಿಸಿ, ಬರಗಾಲದ ಏಳು ವರ್ಷಗಳಲ್ಲಿ ಆ ನಾಡನ್ನು ಉಳಿಸಿದ ವೃತ್ತಾಂತ ಆದಿಕಾಂಡದಲ್ಲಿದೆ. ಮುಂದೆ ಅದೇ ಈಜಿಪ್ಟಿನಿಂದ ಹೊರಟು ಮರುಭೂಮಿಯಲ್ಲಿ ಅಲೆಯುತ್ತಿದ್ದ ಇಸ್ರಯೇಲರು, ತಾವು ಅಲ್ಲಿ ತಿಂದಿದ್ದ ಸೌತೆಕಾಯಿಯನ್ನು ನೆನೆದು ಹಂಬಲಿಸಿದರೆಂದು ಸಂಖ್ಯಾಕಾಂಡದ 11ನೆಯ ಅಧ್ಯಾಯ ತಿಳಿಸುತ್ತದೆ.

ನಮ್ಮ ಕರಾವಳಿಯ ಹಿರಿಯರಿಗೂ ಇಂತಹ ಸುಭಿಕ್ಷ ಮತ್ತು ಕೊರತೆಯ ಅನುಭವ ಪ್ರತಿ ವರ್ಷವೂ ಆಗುತ್ತಿತ್ತು. ಬೇಸಿಗೆಯಲ್ಲಿ ಮಾವು, ಹಲಸುಗಳ ಸಮೃದ್ಧಿ. ಆಷಾಢದ ಮಳೆಯಲ್ಲಿ ಕಡಲು ಉಕ್ಕಿ ಮೀನೂ ಇಲ್ಲ, ಹಿತ್ತಲಿನಲ್ಲಿ ತರಕಾರಿಯೂ ಇಲ್ಲ. ಆದುದರಿಂದಲೇ ಮಂಗಳೂರು ಸೌತೆಯನ್ನು ತೆಂಗಿನ ಗರಿಯಲ್ಲಿ ಕಟ್ಟಿ ಮಾಡಿಗೆ ತೂಗುಹಾಕುವ, ಮಾವನ್ನೂ ಹಲಸಿನ ತೊಳೆಯನ್ನೂ ಉಪ್ಪುನೀರಿನಲ್ಲಿ ಹಾಕಿಡುವ ಪದ್ಧತಿ ಬೆಳೆದು ಬಂದಿತು. ತುಳುವಿನಲ್ಲಿ ನೀರ್‌ಕುಕ್ಕು, ಉಪ್ಪಡ್ ಪಚ್ಚಿಲ್ ಎಂದೂ, ಕೊಂಕಣಿಯಲ್ಲಿ ಲೊಣ್ಚೆಂ ಎಂದೂ ಕರೆಯುವ ಈ ಪದಾರ್ಥಗಳಿಗೆ ಕನ್ನಡದಲ್ಲಿರುವ ಹೆಸರು ‘ಉಪ್ಪಿನಕಾಯಿ’. ಮಾಡುವ ವಿಧಾನವನ್ನೇ ಹೇಳುವ ಹೆಸರದು. ತಪಸ್ಸು ಕಾಲದ ಶುಕ್ರವಾರಗಳಲ್ಲಿ ಮಾಂಸವನ್ನು ತ್ಯಜಿಸಿದ ಮನೆಗಳಲ್ಲಿ ಗಂಜಿಯ ಬಟ್ಟಲಿಗೆ ರುಚಿ ಕೊಟ್ಟದ್ದೂ ಇದೇ ಉಪ್ಪಿನಕಾಯಿ.

ಸೌತೆಕಾಯಿ ಮತ್ತು ಭಕ್ತಿ

ಸೌತೆಕಾಯಿಗೂ ಕೊಂಕಣಿ ಕ್ರೈಸ್ತರ ಭಕ್ತಿಗೂ ನಂಟಿದೆ. ಮಂಗಳೂರಿನ ಕಥೋಲಿಕರಲ್ಲಿ ಬಹುಪಾಲು ಕುಟುಂಬಗಳ ಪೂರ್ವಜರು ಬಂದ ಗೋವೆಯ ತಲಾವ್ಲಿ ಗ್ರಾಮದಲ್ಲಿ, 17ನೆಯ ಶತಮಾನದಲ್ಲಿ ನಿರ್ಮಾಣವಾದ ಸಂತ ಅನ್ನಾ ದೇವಾಲಯವಿದೆ. ಜುಲೈ ತಿಂಗಳ ಕೊನೆಗೆ ಅಲ್ಲಿ ನಡೆಯುವ ಸಂತ ಅನ್ನಮ್ಮನವರ ಹಬ್ಬವನ್ನು ಜನರು ‘ಸೌತೆಕಾಯಿ ಹಬ್ಬ’ ಎಂದೇ ಕರೆಯುತ್ತಾರೆ. ಸಂತಾನಭಾಗ್ಯವನ್ನು ಬೇಡುವ ದಂಪತಿಗಳು ಮಾತೆ ಮರಿಯಮ್ಮನವರ ತಾಯಿಗೆ ಸೌತೆಕಾಯಿಗಳನ್ನು ಅರ್ಪಿಸುವುದು ಅಲ್ಲಿನ ವಾಡಿಕೆ. ನಮ್ಮಲ್ಲಿಯೂ ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ಹೊಸ ತೆನೆಯೊಡನೆ ಹಿತ್ತಲಿನ ತರಕಾರಿಗಳ ಊಟವೇ ಪ್ರಧಾನ. ಹೊಸ ಬೆಳೆಯನ್ನು ದೇವರ ವರವೆಂದು ಸ್ವೀಕರಿಸುವವರು, ಅದು ಕೊಳೆತು ತಿಪ್ಪೆ ಸೇರದಂತೆ ನೋಡಿಕೊಳ್ಳುವುದೂ ಕೃತಜ್ಞತೆಯ ಒಂದು ರೂಪವಲ್ಲವೇ?

ಮಳೆಗಾಲದ ಮುಳ್ಳುಸೌತೆ ಬಳ್ಳಿಯಲ್ಲಿ ಒಮ್ಮೆಲೇ ಬಿಡುತ್ತದೆ. ಹಸಿಯಾಗಿ ತಿಂದು, ನೆರೆಮನೆಗೆ ಹಂಚಿಯೂ ಉಳಿಯುತ್ತದೆ. ವಿಚಿತ್ರವೆಂದರೆ, ನಮ್ಮ ರಾಜ್ಯದ ಒಳನಾಡಿನ ರೈತರು ಗರ್ಕಿನ್ ಎಂಬ ಕಿರುಸೌತೆಯನ್ನು 1990ರ ದಶಕದ ಆರಂಭದಿಂದ ಬೆಳೆಯುತ್ತಿದ್ದಾರೆ. ಅದು ಉಪ್ಪುನೀರಿನಲ್ಲೋ ವಿನೆಗರಿನಲ್ಲೋ ಮುಳುಗಿ ಅಮೆರಿಕ, ಯೂರೋಪುಗಳ ಊಟದ ಮೇಜನ್ನು ಸೇರುತ್ತಿದೆ. ನಮ್ಮ ಮನೆಗಳಲ್ಲಿ ಮಾತ್ರ ಸೌತೆಯನ್ನು ಭರಣಿಗೆ ಹಾಕುವವರು ವಿರಳ.

ಮಾಡುವ ಕ್ರಮ

ಇದು ಕಷ್ಟದ ಕೆಲಸವಲ್ಲ. ಬೀಜ ಬಲಿಯದ, ಗಟ್ಟಿಯಾದ ಎಳೆಸೌತೆ 1 ಕಿಲೋ ಆಯ್ದುಕೊಳ್ಳಬೇಕು. ಕೊಯ್ದ ದಿನವೇ ಹಾಕಿದರೆ ಉತ್ತಮ. ತೊಳೆದು, ಹೂವಿದ್ದ ತುದಿಯನ್ನು ತೆಳ್ಳಗೆ ಕತ್ತರಿಸಿ ತೆಗೆಯಬೇಕು. ಕಾಯಿಯನ್ನು ಮೆತ್ತಗಾಗಿಸುವ ಕಿಣ್ವಗಳು ಆ ತುದಿಯಲ್ಲಿರುತ್ತವೆ. 1 ಲೀಟರ್ ನೀರಿಗೆ 50 ಗ್ರಾಂ ಕಲ್ಲುಪ್ಪು ಹಾಕಿ ಕುದಿಸಿ, ಪೂರ್ತಿ ಆರಿಸಬೇಕು. ಶುಚಿಯಾದ ಗಾಜಿನ ಅಥವಾ ಪಿಂಗಾಣಿಯ ಭರಣಿಯಲ್ಲಿ ಸೌತೆಯೊಡನೆ ಬೆಳ್ಳುಳ್ಳಿ, ಸೀಳಿದ ಹಸಿಮೆಣಸು, ಒಂದು ಚಮಚ ಸಾಸಿವೆ, ಕಾಯಿ ಗರಿಗರಿಯಾಗಿ ಉಳಿಯಲು ಒಂದು ಚಿಟಿಕೆ ಚಹಾ ಎಲೆ ಸೇರಿಸಿ ಉಪ್ಪುನೀರು ಹೊಯ್ಯಬೇಕು. ಕಾಯಿಗಳು ನೀರಿನಿಂದ ಮೇಲೇಳದಂತೆ ಚಿಕ್ಕ ತಟ್ಟೆಯೊಂದನ್ನು ಭಾರವಾಗಿ ಇಟ್ಟು, ಮುಚ್ಚಳವನ್ನು ಸಡಿಲವಾಗಿ ಮುಚ್ಚಬೇಕು.

ನಮ್ಮ ಸೆಕೆಯಲ್ಲಿ ಎರಡನೆಯ ದಿನವೇ ಗುಳ್ಳೆಗಳು ಏಳುತ್ತವೆ, ನೀರು ಮಸುಕಾಗುತ್ತದೆ. ಗಾಬರಿ ಬೇಡ. ಮೊಸರನ್ನು ಹುಳಿಯಾಗಿಸುವಂತಹ ಸೂಕ್ಷ್ಮಜೀವಿಗಳೇ ಇಲ್ಲಿಯೂ ಹುಳಿಯನ್ನು ಉಂಟುಮಾಡುತ್ತವೆ. ಆ ಹುಳಿ ಮತ್ತು ಉಪ್ಪು ಸೇರಿ ಕೊಳೆಯನ್ನು ತಡೆಯುತ್ತವೆ. ನಾಲ್ಕರಿಂದ ಆರು ದಿನಗಳಲ್ಲಿ ಹಿತವಾದ ಹುಳಿ ಬಂದಾಗ ಫ್ರಿಜ್ಜಿನಲ್ಲಿ ಇಟ್ಟು ಕೆಲವು ವಾರ ಬಳಸಬಹುದು.

ಅವಸರವಿದ್ದವರು ಸೌತೆ, ಕ್ಯಾರೆಟ್, ಸಣ್ಣ ನೀರುಳ್ಳಿ, ಹಸಿಮೆಣಸುಗಳನ್ನು ಹೆಚ್ಚಿ, ಸಮಪ್ರಮಾಣದ ವಿನೆಗರ್ ಮತ್ತು ನೀರಿಗೆ ಉಪ್ಪು, ಸ್ವಲ್ಪ ಸಕ್ಕರೆ ಹಾಕಿ ಕುದಿಸಿ ಹೊಯ್ದರೆ ಮರುದಿನವೇ ಉಣ್ಣಬಹುದು. ಇದನ್ನು ಫ್ರಿಜ್ಜಿನಲ್ಲೇ ಇಟ್ಟು ಎರಡು ವಾರಗಳೊಳಗೆ ಮುಗಿಸಬೇಕು. ಶೇಂದಿಯಿಂದ ಮನೆಯಲ್ಲೇ ಮಾಡಿದ ವಿನೆಗರಿನ ರುಚಿ ಶ್ರೇಷ್ಠವಾದರೂ ಅದರ ಹುಳಿ ಒಮ್ಮೆ ಇದ್ದಂತೆ ಇನ್ನೊಮ್ಮೆ ಇರದು. ಆದುದರಿಂದ ಈ ಕ್ರಮಕ್ಕೆ ಬಾಟಲಿಯ ಮೇಲೆ ಶೇಕಡಾ 5ರ ಆಮ್ಲವೆಂದು ನಮೂದಿಸಿದ ವಿನೆಗರೇ ಕ್ಷೇಮ.

ವರ್ಷವಿಡೀ ಬಾಳಬೇಕಾದ ಮಾವಿನ ಮಿಡಿಯ ಕ್ರಮ ಬೇರೆ. ತೊಳೆದು, ಒರೆಸಿ, ನೀರಿನ ಪಸೆಯಿಲ್ಲದಂತೆ ಆರಿಸಿದ ಮಿಡಿಗೆ ತೂಕದ ಕಾಲು ಭಾಗದಷ್ಟು ಕಲ್ಲುಪ್ಪು ಬೇಕು. ದಿನವೂ ಒಣ ಸೌಟಿನಿಂದ ಮಗುಚುತ್ತಿದ್ದರೆ ಎರಡು ಮೂರು ವಾರಗಳಲ್ಲಿ ಮಿಡಿ ಸುರುಟಿ, ತನ್ನದೇ ನೀರು ಬಿಡುತ್ತದೆ. ಬಳಿಕ ಮೆಣಸು, ಸಾಸಿವೆ ಅರೆದು ಕೂಡಿಸುವುದು. ಕರಂಡೆ, ಬಿಂಬುಳಿ, ಅಮಟೆ, ನೆಲ್ಲಿ, ನಿಂಬೆಗಳಿಗೆ ಆಯಾ ಮನೆಯ ಹದ ಬೇರೆ ಬೇರೆ.

ಎಚ್ಚರಿಕೆಯ ಮಾತು

ಉಪ್ಪುನೀರಿನ ಮೇಲೆ ತೆಳುವಾದ ಬಿಳಿ ಕೆನೆ ಕಟ್ಟಿದರೆ ಅದನ್ನು ತೆಗೆದು ಬಳಸಬಹುದು. ಆದರೆ ಕಪ್ಪು, ಹಸುರು ಬಣ್ಣದ ಬೂಸ್ಟು ಬಂದರೆ, ಕಾಯಿ ಲೋಳೆಯಾದರೆ ಅಥವಾ ದುರ್ವಾಸನೆ ಬಂದರೆ ಇಡೀ ಭರಣಿಯನ್ನೇ ಚೆಲ್ಲಬೇಕು; ಅಲ್ಲಿ ಮಿತವ್ಯಯ ಸಲ್ಲದು. ಅಲ್ಯೂಮಿನಿಯಂ, ತಾಮ್ರದ ಪಾತ್ರೆಗಳನ್ನು ಬಳಸಬಾರದು.

ರಕ್ತದೊತ್ತಡದ ಭಯದಿಂದ ಕೆಲವರು ಭರಣಿಗೆ ಹಾಕುವ ಉಪ್ಪನ್ನೇ ಕಡಿಮೆ ಮಾಡುತ್ತಾರೆ. ಇದು ಸರಿಯಲ್ಲ. ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ ನಿಜ. ಆದರೆ ಕಡಿಮೆ ಮಾಡಬೇಕಾದದ್ದು ತಟ್ಟೆಗೆ ಬಡಿಸುವ ಉಪ್ಪಿನಕಾಯಿಯನ್ನು, ಭರಣಿಯ ಉಪ್ಪನ್ನಲ್ಲ. ಉಪ್ಪು ತಗ್ಗಿದ ಭರಣಿ ಕೆಡುತ್ತದೆ.

ಕೈಯಳತೆಗೆ ತಕ್ಕಡಿ

ಇಷ್ಟು ಬರೆಯಲು ಮುಖ್ಯ ಕಾರಣ ಬೇರೊಂದಿದೆ. ನಮ್ಮ ಮನೆಗಳ ಹಿರಿಯ ಮಹಿಳೆಯರು ಮಿಡಿಗೆ ಹಾಕುವ ಉಪ್ಪಿಗೆ ಗ್ರಾಮಿನ ಲೆಕ್ಕವಿಲ್ಲ. ‘ಒಂದು ಹಿಡಿ’, ‘ಇಷ್ಟು ಸಾಕು’, ‘ಕಂಡಾಗ ಗೊತ್ತಾಗುತ್ತದೆ’ ಎಂಬುದೇ ಅವರ ಪಾಠ. ಆ ಲೆಕ್ಕ ಅವರ ಕೈಯಲ್ಲಿದೆ, ಕಾಗದದಲ್ಲಿಲ್ಲ. ಮಕ್ಕಳು ಬೆಂಗಳೂರು, ಮುಂಬಯಿ, ಕೊಲ್ಲಿ ರಾಷ್ಟ್ರಗಳನ್ನು ಸೇರಿದ್ದಾರೆ. ರಜೆ ಮುಗಿಸಿ ಹೊರಡುವಾಗ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿಯ ಬಾಟಲಿ ತಪ್ಪದು. ಆದರೆ ಅದನ್ನು ಮಾಡುವ ವಿದ್ಯೆ ಆ ಪೆಟ್ಟಿಗೆಯಲ್ಲಿ ಹೋಗುತ್ತಿಲ್ಲ. ಅಜ್ಜಿಯನ್ನು ಮಣ್ಣು ಮಾಡಿ ಬಂದ ಮೇಲೆ ಉಪ್ಪು ಎಷ್ಟೆಂದು ಯಾರನ್ನು ಕೇಳೋಣ?

ಉಪಾಯ ಸರಳವಾಗಿದೆ. ಮುಂದಿನ ಬಾರಿ ಅಜ್ಜಿ ಅಥವಾ ಅಮ್ಮ ಭರಣಿ ತೆಗೆದಾಗ, ಅವರು ಹಿಡಿಯಲ್ಲಿ ತೆಗೆದ ಉಪ್ಪು, ಮೆಣಸು, ಸಾಸಿವೆಗಳನ್ನು ಮೊದಲು ಬಟ್ಟಲಿಗೆ ಹಾಕಿಸಿ ತೂಗಿಕೊಳ್ಳಿ. ಕಾಯಿಯ ತೂಕದೊಡನೆ ಅದನ್ನು ಬರೆದಿಡಿ, ದಿನಾಂಕವೂ ಇರಲಿ. ಮೊಮ್ಮಕ್ಕಳು ತೂಗಲಿ, ಅಜ್ಜಿ ಕಲಸಲಿ. ಧರ್ಮಕೇಂದ್ರದ ಸ್ತ್ರೀ ಸಂಘಟನೆಗಳು ಒಂದೊಂದು ವಾಳೆಯ ಹಿರಿಯರಿಂದ ಇಂತಹ ಅಳತೆಗಳನ್ನು ಸಂಗ್ರಹಿಸಿದರೆ, ಅದು ಮುಂದಿನ ತಲೆಮಾರಿಗೆ ದೊಡ್ಡ ಆಸ್ತಿಯಾದೀತು. ಹಿರಿಯರಿಗೂ ತಮ್ಮ ಕೈಯ ಕೆಲಸ ಇನ್ನೂ ಬೇಕಾಗಿದೆ ಎಂಬ ಸಮಾಧಾನ ದೊರಕೀತು. ಒಂಟಿತನದ ಈ ದಿನಗಳಲ್ಲಿ ಅದು ಸಣ್ಣ ಸಂಗತಿಯಲ್ಲ.

ಯೇಸುಸ್ವಾಮಿ ತಮ್ಮ ಶಿಷ್ಯರನ್ನು ಉಪ್ಪಿಗೆ ಹೋಲಿಸಿದರು. ಉಪ್ಪು ರುಚಿ ಕೊಡುತ್ತದೆ, ಕೆಡದಂತೆ ಕಾಯುತ್ತದೆ. ತಾನು ಮಾತ್ರ ಕಾಣದಂತೆ ಕರಗುತ್ತದೆ. ನಮ್ಮ ಮನೆಗಳ ತಾಯಂದಿರು ಬಾಳಿದ್ದೂ ಹಾಗೆಯೇ. ಈ ಮೊಂತಿ ಹಬ್ಬಕ್ಕೆ ಹಿತ್ತಲಿನ ಸೌತೆ ಉಳಿದರೆ ಒಂದು ಚಿಕ್ಕ ಭರಣಿಯನ್ನಾದರೂ ತುಂಬಿಸೋಣ. ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ತುಂಬಿಸೋಣ. ಮತ್ತು ಹಬ್ಬದ ಮೊದಲ ಬಟ್ಟಲನ್ನು, ನಮ್ಮ ಹಿರಿಯರು ಮಾಡುತ್ತಿದ್ದಂತೆ, ನೆರೆಮನೆಗೆ ಕಳುಹಿಸೋಣ.