ಮಕ್ಕಳ ಪೋಷಣವೆಚ್ಚವೂ ವರಮಾನ ತೆರಿಗೆಯೂ

ತಂದೆತಾಯಿಗಳು ಬೇರೆಯಾದರೆ ಒಂದು ಮನೆ ಎರಡಾಗುತ್ತದೆ. ಸಂಪಾದನೆ ಮಾತ್ರ ಮೊದಲಿದ್ದಷ್ಟೇ ಇರುತ್ತದೆ. ಆ ಸಂಪಾದನೆಯಲ್ಲಿ ಸರಕಾರದ ಪಾಲು ಮೊದಲೋ, ಮಗುವಿನ ಪಾಲು ಮೊದಲೋ ಎಂಬ ಪ್ರಶ್ನೆ ಆಗ ಏಳುತ್ತದೆ. ತಂದೆಯಾದವನು ತನ್ನ ಸಂಬಳದಿಂದ ಮಗುವಿನ ಅನ್ನವಸ್ತ್ರಗಳಿಗಾಗಿ ತಿಂಗಳಿಗಿಷ್ಟೆಂದು ತಾಯಿಯ ಕೈಗೆ ಕೊಡುತ್ತಾನೆನ್ನೋಣ. ಆ ಹಣಕ್ಕೆ ತೆರಿಗೆ ತೆರತಕ್ಕವರು ಯಾರು? ಕೊಟ್ಟವನೋ, ಪಡೆದವಳೋ? ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಈ ವಿಚಾರವಾಗಿ ನೂರು ವರ್ಷಗಳಿಗೂ ಮೇಲ್ಪಟ್ಟು ಚರ್ಚೆ ನಡೆದಿದೆ. ಅಲ್ಲಿನ ವೃತ್ತಾಂತವನ್ನೇ ಶ್ರೋತೃಗಳ ಮುಂದಿಡುತ್ತೇನೆ.

ಅಲ್ಲಿ ಈಗ ನಡೆಯುತ್ತಿರುವ ನಿಯಮವು ಎರಡು ಮಾತಿನದು. ಮಕ್ಕಳ ಪೋಷಣವೆಚ್ಚವೆಂದು ಕೊಟ್ಟ ಹಣವನ್ನು ಕೊಡುವವರು ತಮ್ಮ ವರಮಾನದಿಂದ ಕಳೆಯುವಂತಿಲ್ಲ. ಪಡೆಯುವವರು ಅದನ್ನು ವರಮಾನವೆಂದು ತೋರಿಸಬೇಕಾಗಿಯೂ ಇಲ್ಲ. ಕೊಡುವವಳು ತಾಯಿಯಾದರೂ ನಿಯಮ ಇದೇ. ಇದರ ನ್ಯಾಯವು ಸ್ಪಷ್ಟವಾಗಿದೆ. ಒಂದೇ ಸೂರಿನಡಿ ಇದ್ದಾಗ ತಂದೆಯು ಮಗುವಿಗೆ ಹಾಲು ಕೊಂಡರೆ ಆ ಹಣಕ್ಕೆ ತೆರಿಗೆಯ ವಿನಾಯಿತಿ ಇರಲಿಲ್ಲವಷ್ಟೆ. ಸೂರು ಬೇರೆಯಾದ ಮಾತ್ರಕ್ಕೆ ಹಾಲಿನ ಲೆಕ್ಕವೇಕೆ ಬದಲಾಗಬೇಕು?

ತೊಡಕು ಬಂದುದು ಮಗುವಿನ ಪಾಲಿನಿಂದಲ್ಲ, ಅದರ ಜೊತೆಗೇ ಸೇರಿಬರುತ್ತಿದ್ದ ತಾಯಿಯ ಜೀವನಾಂಶದಿಂದ. 1917ರಲ್ಲಿ ಗೂಲ್ಡ್ ಎಂಬ ದಂಪತಿಗಳ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು, ಹೆಂಡತಿಗೆ ತಿಂಗಳಿಗೆ 3,000 ಡಾಲರಿನಂತೆ ಸಲ್ಲುತ್ತಿದ್ದ ಜೀವನಾಂಶವು ಆಕೆಯ ವರಮಾನವಲ್ಲವೆಂದು ತೀರ್ಪು ಕೊಟ್ಟಿತು. ತೆರಿಗೆ ಹಗುರವಾಗಿದ್ದಷ್ಟು ಕಾಲ ಇದು ಯಾರಿಗೂ ಭಾರವೆನಿಸಲಿಲ್ಲ. ಎರಡನೆಯ ಮಹಾಯುದ್ಧವು ಬಂದು ತೆರಿಗೆಯ ದರವು ಆಕಾಶಕ್ಕೇರಿದಾಗ, ಜೀವನಾಂಶವನ್ನು ಕೊಟ್ಟ ಗಂಡನಿಗೆ ತೆರಿಗೆ ಕಟ್ಟಲು ಹಣವೇ ಉಳಿಯದಂತಾದೀತೆಂಬ ಭಯ ಶಾಸನಕರ್ತರಿಗೆ ಉಂಟಾಯಿತು. 1942ರ ಕಾಯಿದೆಯು ಗಂಡನಿಗೆ ಜೀವನಾಂಶವನ್ನು ಕಳೆದುಕೊಳ್ಳುವ ಹಕ್ಕನ್ನು ಕೊಟ್ಟು, ತೆರಿಗೆಯನ್ನು ಪಡೆದವಳ ಮೇಲೆ ಹೊರಿಸಿತು. ಆದರೆ ಅಪ್ರಾಪ್ತವಯಸ್ಕ ಮಕ್ಕಳಿಗೆಂದು ಗೊತ್ತುಮಾಡಿದ ಭಾಗಕ್ಕೆ ಈ ಸೌಕರ್ಯವಿಲ್ಲವೆಂದೂ ಹೇಳಿತು.

ಅಂದಿನಿಂದ ಹೆಸರಿಗೇ ಬೆಲೆ ಬಂದಿತು. ಊಹೆಯ ಒಂದು ಲೆಕ್ಕವನ್ನು ನೋಡಿ. ವರ್ಷಕ್ಕೆ 12,000 ಡಾಲರು ಕೊಡುವ ತಂದೆಗೆ ನೂರಕ್ಕೆ 35ರ ತೆರಿಗೆ, ತಾಯಿಗೆ ನೂರಕ್ಕೆ 15ರದು ಎಂದಿಟ್ಟುಕೊಳ್ಳೋಣ. ಆ ಹಣವನ್ನು ಮಕ್ಕಳದೆಂದು ಕರೆದರೆ ತಂದೆಯು ಅದರ ಮೇಲೆ 4,200 ಡಾಲರು ತೆರಬೇಕು. ತಾಯಿಯ ಜೀವನಾಂಶವೆಂದು ಕರೆದರೆ ತಾಯಿಯು 1,800 ತೆತ್ತರೆ ಸಾಕು. ಉಳಿದ 2,400 ಡಾಲರು ಬೊಕ್ಕಸಕ್ಕೆ ನಷ್ಟ, ಇವರಿಬ್ಬರಿಗೆ ಲಾಭ. ಜಗಳವಾಡಿ ಬೇರೆಯಾದವರು ಈ ಒಂದು ವಿಷಯದಲ್ಲಿ ಸುಲಭವಾಗಿ ಒಂದಾಗುತ್ತಿದ್ದರೆಂದರೆ ಆಶ್ಚರ್ಯವೇನು? ಆದರೆ ಆ ಲಾಭವನ್ನು ಹಂಚಿಕೊಳ್ಳದೆ ತಂದೆಯೇ ಉಳಿಸಿಕೊಂಡರೆ, ಹೆಸರಿನ ಬದಲಾವಣೆಯಿಂದ ಮಗುವಿನ ಊಟಕ್ಕೆ 1,800 ಡಾಲರು ಕೊರೆಬೀಳುತ್ತಿತ್ತು.

ಈ ಜಾಣತನಕ್ಕೆ 1961ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುದ್ರೆಯೂ ಬಿದ್ದಿತು. ಲೆಸ್ಟರ್ ಎಂಬವರ ಒಪ್ಪಂದದಲ್ಲಿ ಮಕ್ಕಳಿಗೆ ಇಷ್ಟೆಂದು ಬರೆದಿರಲಿಲ್ಲ. ಮೂವರು ಮಕ್ಕಳಲ್ಲಿ ಯಾರಿಗಾದರೂ ಮದುವೆಯಾದರೆ, ಯಾರಾದರೂ ಸ್ವತಂತ್ರರಾದರೆ ಅಥವಾ ತೀರಿಕೊಂಡರೆ, ಕೊಡತಕ್ಕ ಹಣದಲ್ಲಿ ಆರರಲ್ಲೊಂದು ಭಾಗ ಕಡಿಮೆಯಾಗತಕ್ಕದ್ದೆಂದು ಮಾತ್ರ ಇತ್ತು. ಆರನೆಯ ಒಂದು ಪಾಲು ಮಗುವಿನದೆಂಬುದು ಯಾರಿಗಾದರೂ ತಿಳಿಯುವಂಥದು. ಕಾಯಿದೆಯು ಸ್ಪಷ್ಟವಾಗಿ ಗೊತ್ತುಮಾಡಬೇಕೆನ್ನುತ್ತದೆ, ಊಹಿಸಿಕೊಳ್ಳಿರೆಂದು ಹೇಳುವುದಿಲ್ಲ ಎಂದು ನ್ಯಾಯಾಲಯವು ಎಣಿಸಿ, ಅಷ್ಟು ಹಣವನ್ನೂ ತಂದೆಯು ಕಳೆದುಕೊಳ್ಳಬಹುದೆಂದಿತು. ಅಕ್ಷರಕ್ಕೆ ಇದು ಸರಿಯಿರಬಹುದು. ಆದರೆ ಮಗುವನ್ನು ಎದುರಿಗೆ ನಿಲ್ಲಿಸಿಕೊಂಡು ಅದು ಕಾಣುವುದಿಲ್ಲವೆಂದಂತಾಯಿತು. 1984ರ ಕಾಯಿದೆಯು ಈ ಬಾಗಿಲನ್ನು ಮುಚ್ಚಿತು. ಮಗುವಿಗೆ ಇಂತಿಷ್ಟು ವಯಸ್ಸಾದಾಗ, ಮದುವೆಯಾದಾಗ, ಓದು ಬಿಟ್ಟಾಗ ಕಡಿಮೆಯಾಗುವ ಹಣವು, ಯಾವ ಹೆಸರಿನಿಂದ ಕರೆಯಲ್ಪಟ್ಟರೂ, ಮಗುವಿನದೇ ಎಂದಾಯಿತು. ಕಡೆಗೆ 2017ರ ಡಿಸೆಂಬರಿನ ಕಾಯಿದೆಯು, 2018ರ ಕೊನೆಯ ದಿನದ ತರುವಾಯ ಆದ ವಿಚ್ಛೇದಗಳಲ್ಲಿ, ಜೀವನಾಂಶವನ್ನೂ ಮಕ್ಕಳ ಹಣದ ಸಾಲಿನಲ್ಲಿಯೇ ಕೂರಿಸಿತು: ಕೊಟ್ಟವರಿಗೆ ವಜಾ ಇಲ್ಲ, ಪಡೆದವರಿಗೆ ತೆರಿಗೆಯಿಲ್ಲ. ಅದಕ್ಕೆ ಹಿಂದಿನ ಒಪ್ಪಂದಗಳು ಸಾಮಾನ್ಯವಾಗಿ ಹಳೆಯ ಕ್ರಮದಲ್ಲಿಯೇ ನಡೆಯುತ್ತವೆ.

ಹೀಗೆ ಕೊಡುವ ಹಣದ ಲೆಕ್ಕ ಸರಳವಾಯಿತು. ಆದರೆ ಮಗುವಿನ ದೆಸೆಯಿಂದ ದೊರೆಯತಕ್ಕ ತೆರಿಗೆಯ ರಿಯಾಯಿತಿ ಯಾರಿಗೆ ಸೇರಬೇಕು? 2025ರ ವರಮಾನಕ್ಕೆ ಇದು ಮಗುವೊಂದಕ್ಕೆ 2,200 ಡಾಲರಿನವರೆಗೆ ಇದೆ. ಹಣ ಕೊಟ್ಟವನು ತನಗೇ ಎನ್ನುತ್ತಾನೆ. ಕಾಯಿದೆಯು ಹಣವನ್ನು ಕೇಳುವುದಿಲ್ಲ, ರಾತ್ರಿಗಳನ್ನು ಎಣಿಸುತ್ತದೆ. ವರ್ಷದಲ್ಲಿ ಮಗುವು ಯಾರ ಬಳಿ ಹೆಚ್ಚು ರಾತ್ರಿ ಕಳೆಯಿತೋ ಅವರಿಗೆ ಹಕ್ಕು. ಎರಡೂ ಕಡೆ ಸಮವಾದರೆ ವರಮಾನ ಹೆಚ್ಚಾಗಿರುವವರಿಗೆ. (365 ಬೆಸಸಂಖ್ಯೆಯಾದುದರಿಂದ ಅಧಿಕವರ್ಷದ ಹೊರತು ಸಮವಾಗುವುದು ಅಪರೂಪ.) ಹಕ್ಕುಳ್ಳವರು 8332 ಎಂಬ ಸಂಖ್ಯೆಯ ನಮೂನೆಗೆ ರುಜು ಹಾಕಿ ಈ ರಿಯಾಯಿತಿಯನ್ನು ಮತ್ತೊಬ್ಬರಿಗೆ ಬಿಟ್ಟುಕೊಡಬಹುದು.

ರುಜು ಹಾಕುವುದೆಂದರೆ ಸೋಲೆಂದು ಬಗೆಯುವವರುಂಟು. ಹಾಗೆಂದು ಎಲ್ಲ ಕಡೆಯೂ ಹೇಳಲಾಗದು. ದುಡಿಮೆಯ ಸಂಪಾದನೆಯಿಲ್ಲದೆ ಕೇವಲ ಮಕ್ಕಳ ಪೋಷಣವೆಚ್ಚದಿಂದಲೇ ಸಂಸಾರ ತೂಗಿಸುವ ತಾಯಿಗೆ ತೆರಬೇಕಾದ ತೆರಿಗೆಯೇ ಇರುವುದಿಲ್ಲ. ರಿಯಾಯಿತಿಯಲ್ಲಿ ನಗದಾಗಿ ಕೈಗೆ ಬರತಕ್ಕ ಭಾಗವನ್ನು ಸಾಮಾನ್ಯವಾಗಿ 2,500 ಡಾಲರಿಗೆ ಮೀರಿದ ದುಡಿಮೆಯ ಮೇಲೆ ಎಣಿಸುತ್ತಾರೆ, ಪೋಷಣವೆಚ್ಚವು ದುಡಿಮೆಯಲ್ಲ. ಆದುದರಿಂದ ಅಂಥವಳಿಗೆ ಆ 2,200 ಡಾಲರು ಕಾಗದದ ಮೇಲಿನ ಸಂಖ್ಯೆಯಷ್ಟೆ. ತಂದೆಗೆ ಬಿಟ್ಟುಕೊಟ್ಟು, ಅದಕ್ಕೆ ಪ್ರತಿಯಾಗಿ ತಿಂಗಳ ಮೊಬಲಗನ್ನು ಏರಿಸಿಕೊಂಡರೆ ಮಗುವಿಗೆ ಏನಾದರೂ ದಕ್ಕೀತು. ತಾಯಿಯು ಉದ್ಯೋಗಕ್ಕೆ ಸೇರಿದ ವರ್ಷ ಈ ಲೆಕ್ಕವನ್ನು ಮತ್ತೆ ಹಾಕಬೇಕಾಗುವುದು. ಆದಕಾರಣ ಎಲ್ಲ ವರ್ಷಗಳಿಗೂ ಒಟ್ಟಿಗೆ ರುಜು ಹಾಕದೆ ಒಂದೊಂದು ವರ್ಷಕ್ಕೆ ಹಾಕುವುದು ಮೇಲು.

ಇನ್ನು ಕೊಡಬೇಕಾದುದನ್ನು ಕೊಡದೆ ಬಾಕಿ ನಿಲ್ಲಿಸಿದವರ ವಿಷಯ. ತೆರಿಗೆಯನ್ನು ಹೆಚ್ಚಾಗಿ ಕಟ್ಟಿದವರಿಗೆ ವರ್ಷಾಂತ್ಯದಲ್ಲಿ ಸರಕಾರವು ಹಿಂದಿರುಗಿಸುವ ಹಣವನ್ನು ಹಿಡಿದು, ಮಕ್ಕಳ ಬಾಕಿಗೆ ವಜಾ ಹಾಕಲು 1981ರಲ್ಲಿ ಅಧಿಕಾರ ಬಂದಿತು. 1984ರಲ್ಲಿ ಅದು ಇನ್ನಷ್ಟು ಸಂಸಾರಗಳಿಗೆ ವಿಸ್ತರಿಸಿತು. ಬಾಕಿದಾರನು ಮತ್ತೆ ಮದುವೆಯಾಗಿ ಹೊಸ ಹೆಂಡತಿಯೊಡನೆ ಜಂಟಿಯಾಗಿ ಲೆಕ್ಕ ಒಪ್ಪಿಸಿದ್ದರೆ ಆಕೆಯ ಪಾಲೂ ಈ ಬಲೆಯಲ್ಲಿ ಸಿಕ್ಕಿಬೀಳುತ್ತದೆ. ಆಕೆಯು 8379ನೆಯ ಸಂಖ್ಯೆಯ ನಮೂನೆಯಲ್ಲಿ ತನ್ನ ಪಾಲನ್ನು ಬೇರೆಯಾಗಿ ತೋರಿಸಿ, ಬಿಡಿಸಿಕೊಡಬೇಕೆಂದು ಬೇಡಬಹುದು.