ಎತ್ತು ಮಾರುವ ಮುನ್ನ ಅರ್ಜಿ ಹಾಕಿ

ಮುಂಗಾರಿಗೆ ಹೆಸರು ಬಿತ್ತುವ ಹೊತ್ತಿಗೇ ಕಾಲೇಜು ಸೇರಿಸುವ ಕಾಲವೂ ಬರುತ್ತದೆ. ಬೀಜ ಗೊಬ್ಬರಕ್ಕೆಂದು ಕೂಡಿಟ್ಟ ಹಣ ಯಾವುದಕ್ಕೆ ಸಾಕಾದೀತು? ಧಾರವಾಡ ಸೀಮೆಯ ಎಷ್ಟೋ ಮನೆಗಳಿಗೆ ಆಗ ಎರಡೇ ದಾರಿ ಕಾಣುತ್ತವೆ. ಒಂದು, ಜೋಡೆತ್ತು ಮಾರುವುದು; ಇನ್ನೊಂದು, ಜಾಣ ಮಗುವಿನ ಓದು ಬಿಡಿಸುವುದು. ಆದರೆ ಮೂರನೆಯ ದಾರಿಯೂ ಉಂಟು.

ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಬಡತನದ ದೆಸೆಯಿಂದ ಶಾಲೆ ಬಿಟ್ಟಿದ್ದರು. ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು ಅವರ ಪ್ರೌಢಶಾಲೆಯ ಖರ್ಚು ವಹಿಸಿಕೊಂಡರು. ಹುಡುಗ ಹಿಡಿದ ಓದನ್ನು ಬಿಡಲಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎ., ಪಿಎಚ್.ಡಿ. ಮುಗಿಸಿದರು. ಅಮೆರಿಕದ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೆ ಮೊದಲ ಕುಲಪತಿಯಾದರು. 2010ರ ಜ್ಞಾನಪೀಠ ಪ್ರಶಸ್ತಿಯೂ ಅವರಿಗೆ ಸಂದಿತು. ಅಂದು ಆ ನೆರವು ಸಿಗದೆ ಹೋಗಿದ್ದರೆ?

ಅಂದು ಮಠ ಕೊಟ್ಟ ಆಸರೆಯನ್ನು ಇಂದು ಸರ್ಕಾರದ ನಿಯಮಗಳೂ ಕೊಡುತ್ತವೆ. ನಮ್ಮ ಧಾರವಾಡದಲ್ಲೇ 2016ರಲ್ಲಿ ಐಐಟಿ ಆರಂಭವಾಯಿತು. ಅಲ್ಲಿ ಬಿ.ಟೆಕ್. ಬೋಧನಾ ಶುಲ್ಕ ವರ್ಷಕ್ಕೆ 2 ಲಕ್ಷ ರೂಪಾಯಿ. ಈ ಅಂಕಿ ಕೇಳಿಯೇ ಹಿಂದೆ ಸರಿಯಬೇಡಿ. ಮನೆಯ ವಾರ್ಷಿಕ ಆದಾಯ 1 ಲಕ್ಷಕ್ಕಿಂತ ಕಡಿಮೆಯಿದ್ದರೆ ಬೋಧನಾ ಶುಲ್ಕ ಪೂರ್ತಿ ಮಾಫಿ. 1ರಿಂದ 5 ಲಕ್ಷದೊಳಗಿದ್ದರೆ ಮೂರರಲ್ಲಿ ಎರಡು ಪಾಲು ಮಾಫಿ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಮತ್ತು ಅಂಗವಿಕಲ ವಿದ್ಯಾರ್ಥಿಗಳಿಗೆ ಆದಾಯ ಎಷ್ಟಿದ್ದರೂ ಪೂರ್ತಿ ಮಾಫಿ. ಊಟ ವಸತಿಯ ಖರ್ಚು ಮಾತ್ರ ಬೇರೆ. ಅದಕ್ಕೂ ಹೊಲ ಒತ್ತೆ ಇಡಬೇಕಾಗಿಲ್ಲ. ಕೇಂದ್ರ ಸರ್ಕಾರ 2024ರಲ್ಲಿ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಇಂಥ ಸಂಸ್ಥೆಗಳಲ್ಲಿ ಓದುವವರಿಗೆ ಒತ್ತೆಯಿಲ್ಲದೆ, ಜಾಮೀನುದಾರರಿಲ್ಲದೆ ಬ್ಯಾಂಕ್ ಸಾಲ ದೊರೆಯುತ್ತದೆ.

ರಾಜ್ಯ ಸರ್ಕಾರ 2021ರಲ್ಲಿ ರೈತರ ಮಕ್ಕಳಿಗಾಗಿಯೇ ವಿದ್ಯಾನಿಧಿ ಯೋಜನೆ ತಂದಿತು. ಎಂಜಿನಿಯರಿಂಗ್, ವೈದ್ಯಕೀಯ ಓದುವ ಹುಡುಗರಿಗೆ ವರ್ಷಕ್ಕೆ 10,000, ಹುಡುಗಿಯರಿಗೆ 11,000 ರೂಪಾಯಿ ಎಂದು ಆಗ ಗೊತ್ತುಮಾಡಲಾಯಿತು. ಇದಕ್ಕೆ ರೈತನ ಗುರುತಿನ ಸಂಖ್ಯೆ, ಅಂದರೆ ಎಫ್‌ಐಡಿ, ಬೇಕೇ ಬೇಕು. ಈ ವರ್ಷದ ಅರ್ಜಿಯ ವಿಚಾರವನ್ನು ಕಾಲೇಜಿನಲ್ಲಿ ಕೇಳಿ ತಿಳಿಯಿರಿ.

ನೆರವು ತಾನಾಗಿ ಮನೆ ಬಾಗಿಲಿಗೆ ಬರುವುದಿಲ್ಲ. ಮಗು ಪಿಯುಸಿಯಲ್ಲಿರುವಾಗಲೇ ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ಮಾಡಿಸಿಡಿ. ಎಫ್‌ಐಡಿ ಇಲ್ಲದವರು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ನೋಂದಾಯಿಸಿಕೊಳ್ಳಿ. ಪಹಣಿ, ಆಧಾರ್ ಮತ್ತು ಬ್ಯಾಂಕ್ ಪುಸ್ತಕದಲ್ಲಿ ಹೆಸರು ಒಂದೇ ರೀತಿ ಇದೆಯೇ ನೋಡಿಕೊಳ್ಳಿ.

ಹದ ತಪ್ಪಿದರೆ ಬೆಳೆಯಿಲ್ಲ, ದಿನ ತಪ್ಪಿದರೆ ನೆರವಿಲ್ಲ. ಓದುವ ಹಟ ಮಗುವಿನದು. ಕಾಗದ ಪತ್ರ ಹೊಂದಿಸುವ ಕೆಲಸ ನಮ್ಮದು.